ಅಕ್ಕನ ತೂಕದ ಮೂಟೆ

ತಿಪಟೂರಿನಿಂದ ಹಾಲ್ಕುರಿಕೆ ಕಡೆ ಹೋಗೋ ರಸ್ತೆಯಲ್ಲಿ ನಂದೊಂದು ವೀಲ್ ಅಲೈನ್‌ಮೆಂಟ್ ಅಂಗಡಿ. ಸೊಟ್ಟಗಾದ ಚಕ್ರ ನೆಟ್ಟಗೆ ಮಾಡೋದು ನನ್ನ ಕೆಲಸ. ನೆಟ್ಟಗಿರೋ ಗಾಡಿ ಯಾವುದೂ ನನ್ನ ಹತ್ರ ಬರಲ್ಲ, ಅದನ್ನ ಓಡಿಸ್ಕೊಂಡು ಬರೋರಲ್ಲೂ ನೆಟ್ಟಗಿರೋರು ಕಮ್ಮಿ. ಹಿಂಗಾಗಿ ನಗು ತರಿಸೋ ಸಂಗತಿ ಒಂದಲ್ಲ ಒಂದು ನಡೀತಾನೇ ಇರುತ್ತೆ. ಊಟಕ್ಕೆ ಕೂತಾಗ ಹೆಂಡತಿಗೆ ಹೇಳ್ತೀನಿ, ಇಬ್ಬರೂ ನಗ್ತೀವಿ. ಈಗೊಂದು ವರ್ಷದಿಂದ ಮಾತ್ರ ಯಾವ ಕಥೆ ಶುರು ಮಾಡಿದ್ರೂ ಅದು ಒಂದೇ ವ್ಯಾನಿನ ಹತ್ರ ಬಂದು ನಿಂತ್ಕೊಳ್ಳುತ್ತೆ. ನಗ್ತಾ ನಗ್ತಾ ಅವಳು ಸೆರಗಲ್ಲಿ ಕಣ್ಣೊರೆಸ್ಕೊಳ್ತಾಳೆ. ನಾನು ಸಾರು ಖಾರ ಆಯ್ತು ಅಂತ ಬೈದು ಎದ್ದು ಕೈ ತೊಳೀತೀನಿ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ, ಇಲ್ಲದಿದ್ರೆ ಮುಂದಿನದು ಗೊತ್ತಾಗಲ್ಲ. ಗಾಡಿಯ ಸ್ಪ್ರಿಂಗ್ ಕತ್ತರಿಸಿ ತಗ್ಗು ಮಾಡಿಸಿದ್ರೆ ಚಕ್ರದ ತಲೆ ಒಳಕ್ಕೆ ವಾಲುತ್ತೆ. ಆಗ ಟೈರು ಪೂರ್ತಿ ಅಗಲಕ್ಕೆ ನೆಲಕ್ಕೆ ಕೂರಲ್ಲ, ಒಳ ಅಂಚು ಮಾತ್ರ ಉಜ್ಜಿ ಉಜ್ಜಿ ಸವೆಯುತ್ತೆ. ಹೊರಗಿನಿಂದ ನೋಡಿದ್ರೆ ಟೈರು ಹೊಸದು. ಒಳಗಡೆ ಕೈ ಹಾಕಿ ತಡವಿದ್ರೆ ತಂತಿ ಚುಚ್ಚುತ್ತೆ. ಗಾಡಿ ತಗ್ಗಿಸಿದ ಮೇಲೆ ಚಕ್ರ ಮತ್ತೆ ಹೊಂದಿಸಲೇಬೇಕು, ಇಲ್ಲಾಂದ್ರೆ ಎಡಕ್ಕೋ ಬಲಕ್ಕೋ ಎಳೆಯುತ್ತೆ. ಇಷ್ಟು ತಿಳ್ಕೊಂಡ್ರೆ ಸಾಕು, ನನಗೂ ಇದಕ್ಕಿಂತ ಬಹಳ ಏನೂ ಗೊತ್ತಿಲ್ಲ.

೧. ಮದುವೆ ಗಾಡಿ

ನಮ್ಮ ಕಡೆ ಹುಡುಗರಿಗೆ ಕಾರು ತಗ್ಗಿಸೋ ಹುಚ್ಚು ಹಿಡಿದ ಕಾಲ ಅದು. ಕಾರು ನೆಲ ನೆಕ್ಕೊಂಡು ಹೋದ್ರೆ ಚೆಂದ ಅಂತ ಯಾರು ಹೇಳಿಕೊಟ್ರೋ ಕಾಣೆ. ತಗ್ಗಿಸೋದು ಇನ್ನೆಲ್ಲೋ, ಟೈರು ಸವೆದ ಮೇಲೆ ಬಂದು ಅಳೋದು ನನ್ನ ಮುಂದೆ.

ತುರುವೇಕೆರೆ ಕಡೆಯ ಒಬ್ಬ ಹುಡುಗ ತನ್ನ ಮದುವೆಗೆ ಅಂತಲೇ ಕಾರು ತಗ್ಗಿಸಿದ. ಮದುವೆ ಸಂಪಿಗೆ ಊರಿನ ದೇವಸ್ಥಾನದಲ್ಲಿ. ಹೋಗುವಾಗ ಕಾರಲ್ಲಿ ಅವನೂ ಅವನ ಗೆಳೆಯನೂ ಇಬ್ಬರೇ, ಏನೂ ತೊಂದರೆ ಆಗಲಿಲ್ಲ. ಬರುವಾಗ ಹೊಸ ಹೆಣ್ಣು, ಹೆಣ್ಣಿನ ಅಜ್ಜಿ, ಸೋದರತ್ತೆ, ಕಳಶ, ಮಡಿಲಕ್ಕಿ, ಎಲ್ಲಾ ತುಂಬಿತು. ಊರ ಬಾಗಿಲ ಹಂಪ್ಸ್ ಮೇಲೆ ಕಾರಿನ ಹೊಟ್ಟೆ ಕೂತ್ಕೊಂಡು ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ. ಭಾರ ಇಳಿಸಬೇಕು, ಯಾರು ಇಳಿಯೋದು? ಹೊಸ ಹೆಣ್ಣು ದಾರಿ ಮಧ್ಯೆ ಇಳಿಯೋ ಹಾಗಿಲ್ಲ. ಅಜ್ಜಿಗೆ ಮಂಡಿನೋವು. ಸೋದರತ್ತೆ ಕೈಲಿ ಕಳಶ ಇದೆ, ಮನೆ ಮುಟ್ಟೋವರೆಗೂ ನೆಲಕ್ಕೆ ಇಡೋ ಹಾಗಿಲ್ಲ. ಕಾರು ಓಡಿಸ್ತಿದ್ದವನು ಗೆಳೆಯ. ಉಳಿದವನು ಮದುಮಗ. ಇಳಿದು ತಳ್ಳಿದ. ಕಾರು ಹಂಪ್ಸ್ ದಾಟಿತು, ಮನೆ ತುಂಬಿಸೋ ಮುಹೂರ್ತ ಮೀರುತ್ತೆ ಅನ್ನೋ ಗಡಿಬಿಡಿಯಲ್ಲಿ ನಿಲ್ಲದೆ ಹೋಗೇಬಿಡ್ತು. ಹೆಣ್ಣು ಸೇರಕ್ಕಿ ಒದ್ದು ಮನೆ ತುಂಬಿ ಅರ್ಧ ಗಂಟೆ ಆದ ಮೇಲೆ ಗಂಡು ಯಾರದೋ ಮೊಪೆಡ್ ಹಿಂದೆ ಕೂತು, ಬಾಸಿಂಗ ಕೈಲಿ ಹಿಡ್ಕೊಂಡು ಬಂದ.

ಮಾರನೇ ವಾರ ಅವನೇ ಬಂದು, ಟೈರು ಸವೀತಿದೆ ನೋಡಿ ಅಂದ. ನನಗೆ ರೇಗಿಹೋಯ್ತು. ಅವತ್ತೇ ಬಣ್ಣ ತಂದು ಅಂಗಡಿ ಮುಂದೆ ನಾನೇ ಕೈಯಾರೆ ಬರೆದೆ: ‘ಗಾಡಿ ತಗ್ಗಿಸಿಕೊಂಡು ಬರುವವರಿಗೆ ಇಲ್ಲಿ ಕೆಲಸ ಮಾಡಿಕೊಡುವುದಿಲ್ಲ.’

೨. ಬೋರ್ಡಿನ ಎರಡನೇ ಸಾಲು

ಬೋರ್ಡು ಬರೆದು ತಿಂಗಳಾಗಿರಲಿಲ್ಲ, ಒಂದು ಹಳೇ ವ್ಯಾನು ಬಂತು. ಕಾಯಿ ಹೊತ್ತೂ ಹೊತ್ತೂ ಬಣ್ಣ ಹೋದ ವ್ಯಾನು. ಅದರ ಮೂತಿ ನೆಲಕ್ಕೆ ಒಂದು ಗೇಣು ಇದೆಯೋ ಇಲ್ಲವೋ. ಇಳಿದವರು ಐವತ್ತೈದು ದಾಟಿದ ಮನುಷ್ಯ, ಪಂಚೆ ಮೇಲೆ ಕಟ್ಟಿದ್ದರು. ಹಾಲ್ಕುರಿಕೆ ಆಚೆ ಒಂದು ಊರಿನವರು. ತೋಟ ತೋಟಕ್ಕೆ ಹೋಗಿ ಕಾಯಿ ಕೊಂಡು ಮಂಡಿಗೆ ಹಾಕೋ ಕೆಲಸ. ಅವರನ್ನ ನಾನು ಅಣ್ಣ ಅಂತೀನಿ, ಹೆಸರು ಬೇಡ.

ಎಡಗಡೆ ಮುಂದಿನ ಟೈರು ತಡವಿ ನೋಡಿದೆ. ಒಳ ಅಂಚಲ್ಲಿ ತಂತಿ ಕೈಗೆ ಸಿಕ್ತು. ನನ್ನ ಬಾಯಿ ನಿಮಗೆ ಗೊತ್ತಿಲ್ಲ. ಹುಡುಗರು ಶೋಕಿ ಮಾಡ್ತಾರೆ, ಮೀಸೆ ಬೆಳ್ಳಗಾದೋರಿಗೂ ಬಂತಾ ಇದು, ಕಣ್ಣು ಕಾಣಲ್ವಾ ಬೋರ್ಡು, ಅಂತೆಲ್ಲ ಶುರು ಮಾಡಿದೆ. ಅಣ್ಣ ಸುತ್ತ ಬಂದು ಎಡಗಡೆ ಬಾಗಿಲು ತೆಗೆದರು. ಒಳಗೊಬ್ಬ ಹೆಂಗಸು ಕೂತಿದ್ದರು, ಅವರ ಹೆಂಡತಿ. ಅವರನ್ನ ನಾನು ಅಕ್ಕ ಅಂತೀನಿ. ಸಣ್ಣ ಜೀವ, ಮುಖ ಊದಿತ್ತು, ಕಾಲೂ ಊದಿತ್ತು.

ಅಣ್ಣ ನೆಲದಿಂದ ಒಂದು ಗೇಣು ಮೇಲೆ ಕೈ ಹಿಡಿದು ತೋರಿಸಿದರು. "ಇವಳ ಕಾಲು ಇಷ್ಟೇ ಎತ್ತಾಕೆ ಆಗೋದು ಕಣಪ್ಪ. ವ್ಯಾನು ಇಷ್ಟೆತ್ತರ ಇತ್ತು." ಇನ್ನೊಂದು ಕೈ ಮೊಣಕಾಲಿನ ಹತ್ರ ಹಿಡಿದರು. ಎರಡೂ ಕೈ ಮಧ್ಯೆ ಇದ್ದ ದೂರ ನಾನು ನೋಡಿದೆ.

ಆಮೇಲೆ ಅವರೇ ಹೇಳಿದರು. ಅಕ್ಕನ ಕಿಡ್ನಿ ಎರಡೂ ನಿಂತುಹೋಗಿವೆ. ವಾರಕ್ಕೆ ಮೂರು ದಿನ ತಿಪಟೂರಿಗೆ ಬಂದು ಡಯಾಲಿಸಿಸ್ ಮಾಡಿಸ್ಬೇಕು. ಮೊದಮೊದಲು ಸ್ಟೂಲು ಇಟ್ಟು ಹತ್ತಿಸ್ತಿದ್ರು, ಒಂದು ದಿನ ಸ್ಟೂಲು ವಾಲಿ ಬಿದ್ದುಬಿಟ್ಟರು. ಅಣ್ಣ ಎತ್ತಿ ಕೂರಿಸ್ತೀನಿ ಅಂದ್ರೆ, ಬಸ್ ಸ್ಟ್ಯಾಂಡಿನ ಎದುರು ಗಂಡನ ಕೈಲಿ ಎತ್ತಿಸ್ಕೊಳ್ಳೋಕೆ ನಾನೇನು ಹೊಸ ಮದುವಣಗಿತ್ತಿಯಾ ಅಂತ ಅಕ್ಕ ಒಪ್ಪಲಿಲ್ಲ. ಅದಕ್ಕೇ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಸ್ಪ್ರಿಂಗು ಒಂದೂವರೆ ಸುತ್ತು ಕತ್ತರಿಸಿದ್ದರು.

ನಾನು ಮೆತ್ತಗಾದೆ, ಆದ್ರೂ ಬಾಯಿ ನಿಲ್ಲಲಿಲ್ಲ. ಸ್ಪ್ರಿಂಗು ಕತ್ತರಿಸಿದ್ರೆ ಗಾಡಿ ಕುಕ್ಕುತ್ತೆ, ಹತ್ತೋದು ಎರಡು ನಿಮಿಷ, ಕೂರೋದು ಒಂದು ಗಂಟೆ, ಅದನ್ನ ಯೋಚಿಸಬೇಕಿತ್ತು ಅಂದೆ.

"ಹತ್ತಿದ್ರೆ ತಾನೇ ಕಣಪ್ಪ ಕೂರೋದು," ಅಂದರು ಅಕ್ಕ. ಆಮೇಲೆ ಬೋರ್ಡು ಓದಿ, ಅಕ್ಷರ ದುಂಡಗಿದೆ, ಬರೆದೋರು ಯಾರು ಅಂತ ಕೇಳಿದರು. ನಾನೇ ಅಂದೆ. ಹಂಗಾದ್ರೆ ಅದರ ಕೆಳಗೆ ಜಾಗ ಐತೆ, ಕಾಲು ಎತ್ತೋಕೆ ಆಗದೋರಿಗೆ ಮಾಡಿಕೊಡ್ತೀನಿ ಅಂತ ಇನ್ನೊಂದು ಸಾಲು ಬರಿ ಅಂದರು.

ಬರೆದೆ. ಮಾರನೇ ವಾರದಿಂದ ಕಾರು ತಗ್ಗಿಸಿದ ಹುಡುಗರೆಲ್ಲ ಕುಂಟ್ಕೊಂಡು ಬರೋಕೆ ಶುರು ಮಾಡಿದರು.

೩. ಹೋಗೋ ತೂಕ, ಬರೋ ತೂಕ

ಆ ವ್ಯಾನಿಗೆ ಚಕ್ರ ಹೊಂದಿಸೋದು ಸುಲಭ ಇರಲಿಲ್ಲ. ಖಾಲಿ ಇದ್ದಾಗ ಒಂದು ಥರ, ಎಡಗಡೆ ಅಕ್ಕ ಕೂತ್ರೆ ಇನ್ನೊಂದು ಥರ. ಬೇರೆ ಗಾಡಿಯಾದ್ರೆ ಇಷ್ಟು ತಲೆ ಕೆಡಿಸ್ಕೊಳ್ತಿರಲಿಲ್ಲ. ಆದರೆ ಅಕ್ಕನ ಎಡಗೈಯಲ್ಲಿ ಮೆಷಿನ್ನಿನ ಸೂಜಿ ಚುಚ್ಚೋಕೆ ಅಂತ ಆಪರೇಷನ್ ಮಾಡಿ ನರ ಸೇರಿಸಿದ್ದರು. ಆ ಕೈಮೇಲೆ ಭಾರ ಬೀಳಬಾರದು, ಎಳೆತ ಬೀಳಬಾರದು. ಆ ನರ ಕೆಟ್ಟರೆ ಡಯಾಲಿಸಿಸ್ ಇಲ್ಲ, ಡಯಾಲಿಸಿಸ್ ಇಲ್ಲದಿದ್ರೆ ಅಕ್ಕ ಇಲ್ಲ. ವ್ಯಾನಲ್ಲಿ ಹಿಡ್ಕೊಳ್ಳೋ ಹಿಡಿ ಇರೋದು ಎಡಗಡೆ ಬಾಗಿಲ ಹತ್ರ ಮಾತ್ರ. ಬಲಗೈಗೆ ಹಿಡಿಯೋಕೆ ಗೇರ್ ಕಡ್ಡಿ ಬಿಟ್ರೆ ಏನೂ ಇರಲಿಲ್ಲ. ಅಂದ್ರೆ ಅಕ್ಕ ಏನನ್ನೂ ಹಿಡಿಯದೆ ಕೂರಬೇಕು, ಗಾಡಿ ಎಳೀದೆ, ಕುಕ್ಕದೆ, ನೆಟ್ಟಗೆ ಹೋಗಬೇಕು. ಅಷ್ಟೇ ಅಣ್ಣ ನನ್ನ ಹತ್ರ ಕೇಳಿದ್ದು.

ಹಾಗಾದ್ರೆ ಅವರ ಭಾರ ಸೀಟ ಮೇಲಿಟ್ಟೇ ಹೊಂದಿಸ್ಬೇಕು ಅಂದೆ. ಕೆಲಸ ಮುಗಿಯೋವರೆಗೂ ಅಕ್ಕನ್ನ ಕಬ್ಬಿಣದ ರ‍್ಯಾಂಪ್ ಮೇಲೆ ಕೂರಿಸೋಕೆ ಆಗುತ್ತಾ? ಪಕ್ಕದಲ್ಲೇ ಕಾಯಿ ಮಂಡಿ. ಅಣ್ಣ ಹೋಗಿ ಸುಲಿದ ಕಾಯಿ ಒಂದು ಮೂಟೆಗೆ ತುಂಬಿಸಿ, ತಕ್ಕಡಿಗೆ ಹಾಕಿ, ಎರಡು ಕಾಯಿ ತೆಗೆದು, ಒಂದು ಸಣ್ಣದು ಸೇರಿಸಿ, ಅಕ್ಕನ ತೂಕಕ್ಕೆ ಸರಿ ಮಾಡ್ತಾ ಇದ್ದರು. ನನ್ನ ತೂಕ ಊರ ಹಮಾಲರಿಗೆಲ್ಲ ಗೊತ್ತು ಮಾಡಿದ್ಯಲ್ಲ ಅಂತ ಅಕ್ಕ ಕುರ್ಚಿಯಲ್ಲಿ ಕೂತೇ ಗೊಣಗಿದರು.

ಅಷ್ಟರಲ್ಲಿ ಅಣ್ಣನಿಗೆ ಒಂದು ಅನುಮಾನ ಬಂತು. ಡಯಾಲಿಸಿಸ್‌ಗೆ ಬರುವಾಗ ಮೈಯಲ್ಲಿ ನೀರು ನಿಂತು ಅಕ್ಕ ಐವತ್ತನಾಲ್ಕು ಕೆಜಿ. ಮೆಷಿನ್ನು ನೀರು ತೆಗೆದ ಮೇಲೆ ಮನೆಗೆ ಹೋಗುವಾಗ ಐವತ್ತೊಂದು. "ಯಾವುದಕ್ಕೆ ಸೆಟ್ ಮಾಡ್ತೀಯಪ್ಪ, ಬರೋ ತೂಕಕ್ಕಾ, ಹೋಗೋ ತೂಕಕ್ಕಾ?"

ಇಪ್ಪತ್ತು ವರ್ಷದ ಕಸುಬಿನಲ್ಲಿ ನನಗೆ ಯಾರೂ ಕೇಳಿರದ ಪ್ರಶ್ನೆ. ಮೂರು ಕೆಜಿಗೆ ಏನೂ ವ್ಯತ್ಯಾಸ ಆಗಲ್ಲ ಅಂತ ಹೇಳಬಹುದಿತ್ತು. ಅವರ ಮುಖ ನೋಡಿ ಹೇಳಲಿಲ್ಲ. ನೀವೇ ಹೇಳಿ ಅಂದೆ. ಅಣ್ಣ ಬಹಳ ಹೊತ್ತು ಯೋಚಿಸಿ, ಹೋಗೋ ತೂಕಕ್ಕೇ ಮಾಡು, ವಾಪಸ್ ಹೋಗುವಾಗ ಅವಳಿಗೆ ಸುಸ್ತಾಗಿರುತ್ತೆ, ಆವಾಗ ಗಾಡಿ ಎಳೀಬಾರ್ದು ಅಂದರು. ಮೂಟೆಯಿಂದ ಕಾಯಿ ತೆಗೆದು ಐವತ್ತೊಂದಕ್ಕೆ ನಿಲ್ಲಿಸಿದರು.

ಕೆಲಸ ಮುಗಿದ ಮೇಲೆ ನಾನೇ ಓಡಿಸಿ ನೋಡಿದೆ. ಎಡಗಡೆ ಅಕ್ಕ, ಹಿಂದಿನ ಸೀಟಲ್ಲಿ ಅಣ್ಣ. ಒಂದು ಹಳ್ಳ ಬಂತು, ಅಭ್ಯಾಸದಂತೆ ಬಾಯಿಗೆ ಬಂತು, ಗಟ್ಟಿಯಾಗಿ ಹಿಡ್ಕೊಳ್ಳಿ ಅಕ್ಕ ಅಂದೆ.

"ನಾನು ಹಿಡ್ಕೊಳ್ಳಂಗಿಲ್ಲ ಕಣಪ್ಪ," ಅಂದರು ಅಕ್ಕ. "ನೀನೇ ಗಟ್ಟಿಯಾಗಿ ಹಿಡ್ಕೊ."

ಆಮೇಲೆ ಎಷ್ಟು ಸಲ ಆ ವ್ಯಾನು ಓಡಿಸಿ ನೋಡಿದ್ದೀನೋ ಲೆಕ್ಕ ಇಲ್ಲ. ಪ್ರತಿ ಸಲ ನಾನು ಅದೇ ಹೇಳೋದು, ಅವರು ಅದೇ ಉತ್ತರ ಕೊಡೋದು. ಮೂಟೆನ ಅಂಗಡಿಯ ಮೂಲೆಯಲ್ಲಿ ಇಡಿಸ್ಕೊಂಡೆ, ಮುಂದಿನ ಸಲಕ್ಕೆ ಬೇಕಾಗುತ್ತಲ್ಲ. ಬೇರೆ ಯಾರೂ ಮುಟ್ಟಬಾರದು ಅಂತ ಸೀಮೆಸುಣ್ಣದಲ್ಲಿ ಅದರ ಮೇಲೆ ‘ಅಕ್ಕ’ ಅಂತ ಬರೆದೆ. ಅಂಗಡಿಗೆ ಬಂದ ನನ್ನ ಹೆಂಡತಿ ಅದನ್ನ ಓದಿ, ನಿಮ್ಮ ಅಕ್ಕ ಮೂಟೆ ಕಳಿಸವ್ರೆ ಅಂತ ಒಂದು ಮಾತು ಹೇಳಲಿಲ್ಲವಲ್ಲ ಅಂದು, ಚಟ್ನಿಗೆ ಎರಡು ಕಾಯಿ ತೆಗೆದುಕೊಂಡು ಹೋಗೇಬಿಟ್ಟಿದ್ದಳು. ಮನೆಗೆ ಓಡಿಹೋಗಿ ಒಂದನ್ನ ಉಳಿಸ್ಕೊಂಡೆ. ಇನ್ನೊಂದಕ್ಕೆ ಮಂಡಿಯಿಂದ ಅಷ್ಟೇ ತೂಕದ್ದು ಆರಿಸಿ ತಂದು ಹಾಕಿದೆ.

೪. ಪೊಲೀಸಿನವರು

ಗಾಡಿ ತಗ್ಗಿಸೋದು ಕಾನೂನಿಗೆ ಸರಿಯಿಲ್ಲ. ಒಂದು ದಿನ ಪೊಲೀಸಿನವರೊಬ್ಬರು ವ್ಯಾನು ನಿಲ್ಲಿಸಿದರು. ಅಡಿಯಲ್ಲಿ ಬಗ್ಗಿ ನೋಡಬೇಕು, ಎಲ್ಲಾ ಇಳೀರಿ ಅಂದರು. ಅಕ್ಕ ಆಗಲಿ ಸಾರ್ ಅಂದರು, ಇಳಿಯೋಕೆ ನನಗೆ ಕಾಲು ಗಂಟೆ ಆಗುತ್ತೆ, ಹತ್ತೋಕೆ ಅರ್ಧ ಗಂಟೆ, ಎಡಗೈ ಮುಟ್ಟಂಗಿಲ್ಲ, ಬಲಭುಜಕ್ಕೆ ನೀವು ಕೈ ಕೊಡಬೇಕಾಗುತ್ತೆ, ಹಿಂದೆ ಗಾಡಿಗಳು ನಿಂತ್ರೆ ನನ್ನ ಬೈಬಾರ್ದು. ಅವರು ಹಿಂದೆ ನೋಡಿದರು. ಆಗಲೇ ಎರಡು ಬಸ್ಸು, ಒಂದು ಕಾಯಿ ಲಾರಿ ನಿಂತಿದ್ದವು. ಹೋಗಮ್ಮ ಅಂದರು.

ಅಕ್ಕನಿಗೆ ಅದಕ್ಕೂ ಸಿಟ್ಟು. ಬಗ್ಗಿ ನೋಡದೇ ಬಿಟ್ಟರಲ್ಲ, ಗಾಡಿ ಅಡಿ ತಾನೇ ನೀನು ನಿನ್ನೆ ಎರಡು ಗಂಟೆ ತೊಳೆದಿದ್ದು ಅಂತ ದಾರಿಯುದ್ದಕ್ಕೂ ಅಣ್ಣನಿಗೆ ಹೇಳ್ತಾ ಬಂದರಂತೆ.

೫. ಹಂಪ್ಸಿನ ಊರು

ಅವರ ಊರಿಗೂ ತಿಪಟೂರಿಗೂ ಮಧ್ಯೆ ಒಂದು ಹಟ್ಟಿ. ಅಲ್ಲಿಯ ಹಂಪ್ಸು ಯಾರು ಹಾಕಿಸಿದ್ರೋ, ಗೋಡೆ ಕಟ್ಟಿದ ಹಾಗೆ ಇತ್ತು. ತಗ್ಗಿದ ವ್ಯಾನು ಅದರ ಮೇಲೆ ಹೊಟ್ಟೆ ಉಜ್ಜದೆ ದಾಟ್ತಿರಲಿಲ್ಲ. ಉಜ್ಜಿದಾಗಲೆಲ್ಲ ಅಕ್ಕ ಸೀಟಿಂದ ಎಗರಿ ಕೂರ್ತಿದ್ದರು.

ಅಣ್ಣ ಒಂದು ಉಪಾಯ ಮಾಡಿದರು. ತೆಂಗಿನ ಸಿಪ್ಪೆಗೆ ನಮ್ಮ ಕಡೆ ಬರಗಾಲ ಇಲ್ಲ. ಒಂದು ಚೀಲ ಸಿಪ್ಪೆ ವ್ಯಾನಲ್ಲೇ ಇಟ್ಕೊಂಡು, ಹಂಪ್ಸಿನ ಎರಡೂ ಕಡೆ ಹಾಸಿ ಇಳಿಜಾರು ಮಾಡಿ, ಮೆಲ್ಲಗೆ ದಾಟಿಸೋದು. ದಾಟಿದ ಮೇಲೆ ಇಳಿದು ಸಿಪ್ಪೆ ಆರಿಸಿ ತುಂಬ್ಕೊಳ್ಳೋದು. ಹಿಂದೆ ಬಸ್ಸು ನಿಂತು ಹಾರನ್ ಬಡೀತಿತ್ತು. ಆಸ್ಪತ್ರೆಗೆ ಹೊತ್ತಾಗುತ್ತೆ ಅಂತ ಆಮೇಲಾಮೇಲೆ ಸಿಪ್ಪೆ ಅಲ್ಲೇ ಬಿಟ್ಟು ಬರೋಕೆ ಶುರು ಮಾಡಿದರು, ಸಾಯಂಕಾಲ ವಾಪಸ್ ಬರುವಾಗ ಬೇಕಲ್ಲ.

ಸಾಯಂಕಾಲ ಬಂದ್ರೆ ಒಂದು ಸಿಪ್ಪೆನೂ ಇರ್ತಿರಲಿಲ್ಲ. ಎರಡು ಸಲ ನೋಡಿದರು, ಮೂರು ಸಲ ನೋಡಿದರು. ಕೊನೆಗೆ ಒಂದು ದಿನ ಹಂಪ್ಸಿನ ಪಕ್ಕದ ಮನೆಯ ಬಚ್ಚಲಿಂದ ಹೊಗೆ ಏಳ್ತಿರೋದು ಕಂಡಿತು. ಆ ಮನೆ ಹೆಂಗಸು ನೀರೊಲೆಗೆ ಸಿಪ್ಪೆ ತುಂಬ್ತಾ ಕೂತಿದ್ದಳು. ಅಣ್ಣ ಕೇಳಿದ್ರೆ, ಯಾರೋ ಪುಣ್ಯಾತ್ಮರು ವಾರಕ್ಕೆ ಮೂರು ದಿನ ರಸ್ತೇಲಿ ಚೆಲ್ಲಿ ಹೋಗ್ತಾರೆ ಕಣ್ರೀ, ನಮ್ಮನೇಲಿ ಮೂರು ದಿನವೂ ತಲೆಗೆ ಸ್ನಾನ ಅಂದಳಂತೆ.

ಅಣ್ಣನಿಗೆ ಸಿಟ್ಟು ಬಂತು. ಅಕ್ಕ ನಗ್ತಾ ನಗ್ತಾ ಹೊಟ್ಟೆ ಹಿಡ್ಕೊಂಡರು. ಹೆಂಗಸನ್ನ ವ್ಯಾನಿನ ಹತ್ರ ಕರೆದು ಕೈ ತೋರಿಸಿದರು, ಕಾಲು ತೋರಿಸಿದರು, ಸಿಪ್ಪೆ ಯಾಕೆ ಅಂತ ಹೇಳಿದರು. ಆ ಹೆಂಗಸು ಕೆನ್ನೆ ಕೆನ್ನೆ ಬಡ್ಕೊಂಡಳು. ಅವತ್ತಿಂದ ವ್ಯಾನು ದೂರದಲ್ಲಿ ಕಂಡ್ರೆ ಸಾಕು, ಅವಳೇ ಬುಟ್ಟಿ ತುಂಬ ಸಿಪ್ಪೆ ತಂದು ಹಾಸೋಳು. ಅಕ್ಕ ದಾಟಿದ ಮೇಲೆ ಬುಟ್ಟಿಗೆ ತುಂಬ್ಕೊಂಡು ಒಲೆಗೆ ಹಾಕೋಳು.

ನಾನು ಸತ್ರೆ ಊರೋರಿಗೆ ಏನು ಮಾಡಿದಳು ಅಂತ ಯಾರಾದ್ರೂ ಕೇಳಿದ್ರೆ, ಒಂದು ಹಟ್ಟಿಗೆಲ್ಲ ಬಿಸಿನೀರು ಹುಯ್ಸಿದಳು ಅಂತ ಹೇಳು ಅಂತ ಅಕ್ಕ ಅಣ್ಣನಿಗೆ ಹೇಳಿದರಂತೆ.

೬. ಮೂಟೆ ಒಣಗಿದ್ದು

ಏಳೆಂಟು ತಿಂಗಳು ಚೆನ್ನಾಗಿ ನಡೀತು. ಆಮೇಲೊಂದು ದಿನ ಅಣ್ಣ ಬಂದು, ವ್ಯಾನು ಬಲಕ್ಕೆ ಎಳೀತಾ ಐತೆ ಅಂದರು.

ಅಕ್ಕನ್ನ ಕುರ್ಚಿಯಲ್ಲಿ ಕೂರಿಸಿ, ಮೂಲೆಯ ಮೂಟೆ ತಂದು ಸೀಟ ಮೇಲಿಟ್ಟು ಮೆಷಿನ್ ಹಚ್ಚಿದೆ. ಲೆಕ್ಕ ತಪ್ಪು ಬಂತು. ಬೋಲ್ಟು ಯಾವುದೂ ಸಡಿಲ ಆಗಿರಲಿಲ್ಲ, ಟೈರಿನ ಗಾಳಿ ಸರಿ ಇತ್ತು, ರಾಡು ಸರಿ ಇತ್ತು. ಮೆಷಿನ್ನಿಗೇ ಏನೋ ಬಂದಿದೆ ಅಂತ ಅದಕ್ಕೆ ಬಾಯಿಗೆ ಬಂದ ಹಾಗೆ ಬೈದೆ. ಅರ್ಧ ಗಂಟೆ ಒದ್ದಾಡಿದೆ. ಕೊನೆಗೆ ಮೂಟೆ ಸರಿಸೋಕೆ ಅಂತ ಕೈ ಹಾಕಿದಾಗ ಒಳಗೆ ಲೊಟಲೊಟ ಅಂತ ಸದ್ದಾಯ್ತು.

ನಮ್ಮೂರಲ್ಲಿ ಆ ಸದ್ದು ಗೊತ್ತಿಲ್ಲದೋರು ಯಾರಿದ್ದಾರೆ? ಕಾಯಿ ಒಳಗೆ ನೀರು ಇಂಗಿ, ತಿರುಳು ಒಣಗಿ ಚಿಪ್ಪು ಬಿಟ್ಕೊಂಡ್ರೆ ಹಾಗೆ ಅಲ್ಲಾಡುತ್ತೆ. ಇಷ್ಟು ತಿಂಗಳು ಮೂಲೆಯಲ್ಲಿ ಕೂತ ಕಾಯಿ ಕೊಬ್ಬರಿ ಆಗಿತ್ತು. ಕೆಲವು ಬಿರಿದು ಕೆಟ್ಟೂ ಹೋಗಿದ್ದವು. ಮಂಡಿ ತಕ್ಕಡಿಗೆ ಹಾಕಿದ್ರೆ ನಲವತ್ತೊಂದು ಕೆಜಿ.

ನನಗೆ ಖುಷಿಯೋ ಖುಷಿ, ತಪ್ಪು ನಂದಲ್ಲ, ಮೆಷಿನ್ನಿಂದೂ ಅಲ್ಲ. ಕೊಬ್ಬರಿ ಊರಲ್ಲಿ ಹುಟ್ಟಿ ಬೆಳೆದು ಇಷ್ಟೂ ತಿಳೀಲಿಲ್ಲವಲ್ಲ ನಮಗೆ, ಕಾಯಿ ಇಟ್ರೆ ಇಟ್ಟ ತೂಕ ಇರುತ್ತಾ, ಕಲ್ಲು ಇಡಬೇಕಿತ್ತು ಅಂತ ನಗ್ತಾ ಅಣ್ಣನಿಗೆ ಹೇಳಿದೆ. ಹೊಸ ಕಾಯಿ ತುಂಬಿಸ್ಕೊಂಡು ಬನ್ನಿ, ಐವತ್ತೊಂದಕ್ಕೆ ಸರಿ ಮಾಡಿ ಮತ್ತೆ ನೋಡೋಣ ಅಂದೆ.

ಅಣ್ಣ ತಕ್ಕಡಿ ಮುಳ್ಳು ನೋಡ್ತಾನೇ ಇದ್ದರು. ಆಮೇಲೆ ನನ್ನ ಹತ್ರ ಬಂದು, ಅಕ್ಕನ ಕಡೆ ಬೆನ್ನು ಮಾಡಿ, ಮೆಲ್ಲಗೆ ಹೇಳಿದರು.

"ಹೊಸದು ಬ್ಯಾಡ ಬುಡು. ಮೊನ್ನೆ ಆಸ್ಪತ್ರೇಲಿ ತೂಕ ಹಾಕಿದ್ರು. ಇವಳೂ ನಲವತ್ತೊಂದೇ ಅವಳೆ. ಈ ಮೂಟೆಗೇ ಸೆಟ್ ಮಾಡು."

ನಾನು ತಿರುಗಿ ಅಕ್ಕನ್ನ ನೋಡಿದೆ. ವಾರಕ್ಕೆ ಮೂರು ದಿನ ಅಂಗಡಿ ಮುಂದೆ ಹೋಗುವಾಗ ನೋಡ್ತಾನೇ ಇದ್ದೆ, ಆದರೂ ನೋಡಿರಲಿಲ್ಲ. ಬಳೆ ಮುಂಗೈಯಿಂದ ಜಾರಿ ಅಂಗೈ ಹತ್ರ ಬಂದು ನಿಂತಿದ್ದವು. ಟೈರು ತಡವಿ ಎಲ್ಲೆಲ್ಲಿ ಸವೆದಿದೆ ಅಂತ ಕಣ್ಣು ಮುಚ್ಕೊಂಡು ಹೇಳೋ ನನಗೆ ಇದು ಕಾಣಲಿಲ್ಲ ಅಂತ ನನ್ನ ಮೇಲೇ ಅಸಹ್ಯ ಆಯ್ತು.

ಅಕ್ಕನ ಕಿವಿ ಚುರುಕು. ಕುರ್ಚಿಯಿಂದಲೇ ಕೇಳಿಸ್ಕೊಂಡಿದ್ದರು.

"ಆ ಮೂಟೆ ಒಣಗಿದ್ರೆ ಕೊಬ್ಬರಿ ಅಂತ ಬೆಲೆ ಜಾಸ್ತಿ ಆಗುತ್ತೆ ಕಣಪ್ಪ," ಅಂದರು. "ನಾನು ಒಣಗಿದ್ರೆ ಸೀರೆ ಉಡಿಸೋದು ಕಷ್ಟ ಅಷ್ಟೇ."

ಅಣ್ಣ ನಕ್ಕರು. ಅವರು ನಕ್ಕಿದ್ದಕ್ಕೆ ನಾನೂ ನಗಬೇಕಾಯ್ತು. ಆಮೇಲೆ ರ‍್ಯಾಂಪ್ ಕೆಳಗೆ ಇಳಿದು, ಆ ಮೂಟೆಗೇ ಚಕ್ರ ಹೊಂದಿಸಿ, ಕೆಲಸ ಮುಗಿದ ಮೇಲೂ ಬಹಳ ಹೊತ್ತು ಅಲ್ಲೇ ಇದ್ದೆ.

೭. ಹತ್ತು ನಿಮಿಷದ ಕೆಲಸ

ಅದಾಗಿ ಎರಡು ತಿಂಗಳಿಗೆ ಅಕ್ಕ ಹೋಗಿಬಿಟ್ಟರು. ಮನೆಯಲ್ಲೇ, ಬೆಳಿಗ್ಗೆ ಕಾಫಿ ಕುಡಿದು ಮಲಗಿದೋರು ಏಳಲಿಲ್ಲ. ಕೈ ನರ ಕೊನೇವರೆಗೂ ಕೆಡಲಿಲ್ಲ, ಅದೊಂದು ಸಮಾಧಾನ. ನಾನೂ ನನ್ನ ಹೆಂಡತಿಯೂ ಹೋಗಿದ್ವಿ. ಹಂಪ್ಸಿನ ಹೆಂಗಸೂ ಬಂದಿದ್ದಳು, ಮೂಲೆಯಲ್ಲಿ ಕೂತು ಅಳ್ತಿದ್ದಳು. ಸಂಬಂಧಿಕರು ಇದ್ಯಾರು ಅಂತ ಕೇಳಿದ್ರೆ ಅಣ್ಣ, ನಮ್ಮ ದಾರಿಯೋಳು ಅಂದರು.

ಒಂದೂವರೆ ತಿಂಗಳು ಅಣ್ಣ ಈ ಕಡೆ ಬರಲಿಲ್ಲ. ನಾನು ಸುಮ್ಮನೆ ಕೂರೋ ಜಾತಿ ಅಲ್ಲ. ಆ ವ್ಯಾನಿಗೆ ಸರಿಹೊಂದೋ ಪೂರ್ತಿ ಉದ್ದದ ಸ್ಪ್ರಿಂಗು ಹುಡುಕಿ ತಂದಿಟ್ಟೆ. ಬಂದ ತಕ್ಷಣ ವ್ಯಾನು ಮೊದಲಿನ ಎತ್ತರಕ್ಕೆ ಎತ್ತಿಬಿಡೋದು, ಟೈರು ಬದಲಾಯಿಸೋದು, ಅವರೊಬ್ಬರಿಗೇ ಹೊಂದಿಸಿ ಕೊಡೋದು. ಇದರಿಂದ ಅವರಿಗೆ ಒಳ್ಳೇದಾಗುತ್ತೆ ಅಂತ ನಾನೇ ಅಂದ್ಕೊಂಡಿದ್ದೆ.

ಒಂದು ದಿನ ಹನ್ನೊಂದು ಗಂಟೆ ಹೊತ್ತಿಗೆ ಬಂದರು. ಗಡ್ಡ ಬಿಟ್ಟಿದ್ದರು. ಎಡಗಡೆ ಸೀಟು ಖಾಲಿ. ಅಕ್ಕ ಸೊಂಟಕ್ಕೆ ಒತ್ತು ಕೊಡ್ತಿದ್ದ ದಿಂಬು ಮಾತ್ರ ಅಲ್ಲೇ ಇತ್ತು. ವ್ಯಾನು ಬಲಕ್ಕೆ ಎಳೀತಾ ಐತೆ ಅಂದರು.

ಎಳೀದೆ ಇನ್ನೇನು ಅಣ್ಣ, ನಲವತ್ತೊಂದು ಕೆಜಿ ಇಲ್ಲವಲ್ಲ ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಕೊಂಡೆ. ಅವರು ಬೇಜಾರು ಮಾಡ್ಕೊಳ್ಳಲಿಲ್ಲ.

"ಅದಕ್ಕೇ ಬಂದೆ ಕಣಪ್ಪ," ಅಂದರು. "ಆ ಮೂಟೆ ಕೊಡು."

ನನಗೆ ಅರ್ಥ ಆಗಲಿಲ್ಲ. ಅರ್ಥ ಆದ ಮೇಲೆ ಸಿಟ್ಟು ಬಂತು. ನನಗೆ ದುಃಖ ಬರಬೇಕಾದ ಜಾಗದಲ್ಲೆಲ್ಲ ಸಿಟ್ಟೇ ಬರೋದು, ನನ್ನ ಹೆಂಡತಿಯನ್ನ ಕೇಳಿ. ಇನ್ನು ಮೂಟೆ ಹೇರ್ಕೊಂಡು ಊರೂರು ತಿರುಗ್ತೀರಾ, ನೋಡಿದೋರು ಏನಂತಾರೆ, ಟೈರು ಹಾಳು, ಗಾಡಿ ಹಾಳು, ಮನುಷ್ಯನೂ ಹಾಳು ಅಂತ ಕೂಗಾಡಿದೆ. ಸ್ಪ್ರಿಂಗು ತಂದು ಅವರ ಮುಂದೆ ಇಟ್ಟೆ. ಸ್ಪ್ರಿಂಗು ಹಾಕೋದು ನಾಳೆಗಿರಲಿ, ಚಕ್ರ ಹೊಂದಿಸೋದು ಹತ್ತು ನಿಮಿಷದ ಕೆಲಸ, ಹತ್ತೇ ನಿಮಿಷದಲ್ಲಿ ನಿಮ್ಮೊಬ್ಬರಿಗೆ ಸೆಟ್ ಮಾಡಿಕೊಡ್ತೀನಿ, ಆಮೇಲೆ ಖಾಲಿ ಗಾಡಿ ನೆಟ್ಟಗೆ ಹೋಗುತ್ತೆ ಅಂದೆ.

"ಹತ್ತೇ ನಿಮಿಷದಲ್ಲಿ ಆಗೋಯ್ತದೆ ಅಂತ ನಂಗೂ ಗೊತ್ತು," ಅಂದರು ಅಣ್ಣ. "ಅದಕ್ಕೇ ಬ್ಯಾಡ ಅಂತಿರೋದು."

ಸ್ಪ್ರಿಂಗು ಪಕ್ಕಕ್ಕೆ ಸರಿಸಿದೆ. ಮೂಲೆಯಿಂದ ಮೂಟೆ ನಾನೇ ಎತ್ತಿ ತಂದೆ. ಸೀಮೆಸುಣ್ಣದ ಅಕ್ಷರ ಅರ್ಧ ಅಳಿಸಿತ್ತು. ಸೀಟ ಮೇಲಿಟ್ಟೆ. ಅಣ್ಣ ದಿಂಬು ತೆಗೆದು ಮೂಟೆಯ ಹಿಂದೆ ಒತ್ತು ಕೊಟ್ಟರು, ಬೆಲ್ಟು ಎಳೆದು ಹಾಕಿದರು. ಅಕ್ಕ ಇದ್ದಾಗ ಬೆಲ್ಟು ಎಡಗೈಗೆ ಒತ್ತುತ್ತೆ ಅಂತ ಹಾಕಿಸ್ಕೊಳ್ತಾನೇ ಇರಲಿಲ್ಲ.

ಒಂದು ಸಲ ಓಡಿಸಿ ನೋಡು ಅಂದರು. ನಾನು ಓಡಿಸೋಕೆ ಕೂತೆ, ಅವರು ಹಿಂದಿನ ಸೀಟಲ್ಲಿ ತಮ್ಮ ಜಾಗದಲ್ಲೇ ಕೂತರು. ವ್ಯಾನು ಎಡಕ್ಕೂ ಎಳೀಲಿಲ್ಲ, ಬಲಕ್ಕೂ ಎಳೀಲಿಲ್ಲ. ಸ್ಟೀರಿಂಗ್ ಮೇಲೆ ಒಂದೇ ಬೆರಳು ಇಟ್ರೂ ಸಾಕಿತ್ತು. ಎಲ್ಲಿ ತಿರುಗಿಸ್ಬೇಕು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೋಗ್ತಾ ಹೋಗ್ತಾ ಹಂಪ್ಸಿನ ಹಟ್ಟಿ ಬಂದುಬಿಡ್ತು.

ಆ ಹೆಂಗಸು ಬಾಗಿಲಲ್ಲಿ ನಿಂತಿದ್ದಳು. ವ್ಯಾನು ಕಂಡಿದ್ದೇ ಒಳಗೆ ಓಡಿ ಬುಟ್ಟಿ ತಂದು ಸಿಪ್ಪೆ ಹಾಸೋಕೆ ಶುರು ಮಾಡಿದಳು. ಅರ್ಧ ಹಾಸಿದ ಮೇಲೆ ಅವಳಿಗೆ ನೆನಪಾಗಿರಬೇಕು, ಬಗ್ಗಿದ್ದವಳು ಹಾಗೇ ನಿಂತಳು. ಎಡಗಡೆ ಸೀಟು ನೋಡಿದಳು, ದಿಂಬು ನೋಡಿದಳು, ಬೆಲ್ಟು ನೋಡಿದಳು. ಬುಟ್ಟಿಯಲ್ಲಿ ಉಳಿದಿದ್ದ ಸಿಪ್ಪೆ ಪೂರ್ತಿ ಹಾಸಿ, ಪಕ್ಕಕ್ಕೆ ಸರಿದು ನಿಂತಳು.

ನಾನು ಮೊದಲ ಗೇರಿಗೆ ಹಾಕಿ ಮೆಲ್ಲಗೆ ಹತ್ತಿಸಿದೆ. ಮುಂದಿನ ಚಕ್ರ ಏರಿತು, ಮೂಟೆ ಒಂದು ಕಡೆ ವಾಲಿತು, ಒಳಗೆ ಕೊಬ್ಬರಿ ಲೊಟಲೊಟ ಅಂತು. ಅಭ್ಯಾಸ ಹಾಳು ನೋಡಿ, ಯೋಚನೆ ಬರೋಕೆ ಮುಂಚೆ ಮಾತು ಬಂದುಬಿಟ್ಟಿತ್ತು.

"ಗಟ್ಟಿಯಾಗಿ ಹಿಡ್ಕೊಳ್ಳಿ ಅಕ್ಕ."

ಕೊಬ್ಬರಿ ಮೂಟೆಗೆ ಹಿಡ್ಕೊಳ್ಳಿ ಅಂದಿದ್ದೆ ನಾನು, ಅದೂ ಬಹುವಚನ ಹಾಕಿ. ಕನ್ನಡಿಯಲ್ಲಿ ಅಣ್ಣನ ಮುಖ ನೋಡೋಕೆ ಧೈರ್ಯ ಬರಲಿಲ್ಲ. ವ್ಯಾನು ಹಂಪ್ಸಿನ ನೆತ್ತಿ ಮೇಲೆ ನಿಂತಿತ್ತು. ಹಿಂದಿನಿಂದ ಮೊದಲು ಒಂದು ಸದ್ದು ಬಂತು. ಅಳು ಅಂದ್ಕೊಂಡೆ. ನಗು. ಅಕ್ಕ ಹೋದ ಮೇಲೆ ಅಣ್ಣ ನಕ್ಕಿದ್ದು ನಾನು ಕೇಳಿದ್ದು ಅದೇ ಮೊದಲು. ನಕ್ಕು ನಕ್ಕು, ಹೆಗಲ ಮೇಲಿನ ಟವೆಲ್ಲಲ್ಲಿ ಮುಖ ಒರೆಸಿ, ಮುಂದಕ್ಕೆ ಬಗ್ಗಿ ನನ್ನ ಭುಜದ ಮೇಲೆ ಕೈ ಇಟ್ಟರು.

"ಅವಳು ಹಿಡ್ಕೊಳ್ಳಂಗಿಲ್ಲ ಕಣಪ್ಪ," ಅಂದರು. "ನೀನೇ ಗಟ್ಟಿಯಾಗಿ ಹಿಡ್ಕೊ."